ಮಾಳವ್ವನ ಮರಿಗಳೂ ಬಲ್ದಿಯಾದ ಕಾಗದವೂ

ನಮ್ಮ ಕೆಳಗಿನ ಮನೆಯವರು ತಂದಿರುವ ನಾಯಿಮರಿಗೆ ಜನನಪತ್ರ ಇದೆ. ನನಗೆ ಇಲ್ಲ.

ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಮೊನ್ನೆ ಆ ಮನೆಯ ಯಜಮಾನರು ಮರಿಯನ್ನೂ ಅದರ ಕಾಗದವನ್ನೂ ಎತ್ತಿಕೊಂಡು ನನಗೆ ತೋರಿಸಲು ಮೇಲೆ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸಭ್ಯ ಮನುಷ್ಯ. ಕಾಗದದಲ್ಲಿ ಮರಿ ಹುಟ್ಟಿದ ದಿನ, ತಾಯಿಯ ಹೆಸರು, ತಂದೆಯ ಹೆಸರು, ತಂದೆಯ ತಂದೆಯ ಹೆಸರು ಕೂಡ ಇತ್ತು. ನಾನು ಗುಂಜೋಟಿಯಲ್ಲಿ, ಜೋಳದ ರಾಶಿ ನಡೆದಾಗ ಹುಟ್ಟಿದೆ ಎಂಬುದಷ್ಟೇ ನನ್ನ ಅವ್ವನಿಗೆ ನೆನಪಿದ್ದದ್ದು. ಉದಗೀರದಲ್ಲಿ ಸೋದರಮಾವನ ಮನೆಯಲ್ಲಿಟ್ಟು ನನ್ನನ್ನು ಶಾಲೆಗೆ ಹಾಕಿದಾಗ, ಮಾಸ್ತರರು ಸಂತೆಯಲ್ಲಿ ಎತ್ತಿನ ಬಾಯಿ ನೋಡುವ ಹಾಗೆ ನನ್ನ ಹಲ್ಲು ನೋಡಿ ಒಂದು ತಾರೀಖು ಬರೆದುಕೊಂಡರು. ಆ ವರ್ಷ ಆ ಶಾಲೆಗೆ ಸೇರಿದ ಮಕ್ಕಳೆಲ್ಲ ಅದೇ ತಾರೀಖಿಗೆ ಹುಟ್ಟಿದ್ದೇವೆ.

"ಈಗ ಕಾಗದ ಇಲ್ಲದ ಮರಿ ಮಾರಂಗಿಲ್ರೀ ಅಜ್ಜಿ," ಎಂದರು ಅವರು. "ಪಾಲಿಕೆಯವರು ನಿಯಮ ಮಾಡ್ಯಾರ. ಲೈಸೆನ್ಸ್ ಇಲ್ಲದ ನಾಯಿ ಸಾಕಿ ಮರಿ ಹಾಕಸಂಗಿಲ್ಲ, ರಸ್ತೆದಾಗ ಕುಂತು ಮಾರಂಗಿಲ್ಲ."

ಒಳ್ಳೆಯದಾಯಿತು ಎಂದೆ. ಮನಸ್ಸಿನಿಂದಲೇ ಎಂದೆ. ಸರ್ಕಲ್ಲಿನ ಬಿಸಿಲಲ್ಲಿ ಪ್ಲಾಸ್ಟಿಕ್ ಬುಟ್ಟಿಯೊಳಗೆ ಬಾಯಿ ತೆರೆದು ಬಿದ್ದಿರುವ ಮರಿಗಳನ್ನು ನಾನೂ ನೋಡಿದ್ದೇನೆ. ಅವುಗಳ ತಾಯಂದಿರು ಯಾವ ಕತ್ತಲೆ ಕೋಣೆಯ ಯಾವ ಪಂಜರದಲ್ಲಿ ವರ್ಷವಿಡೀ ಬಸುರಿಯರಾಗಿ ಕೂತಿರುತ್ತವೋ ಏನೋ. ಅಂಥದ್ದಕ್ಕೆ ಕಾನೂನು ಬೇಕು. ಅಷ್ಟಕ್ಕೇ ಮಾತು ಮುಗಿದು, ಚಹಾ ಕುಡಿದು ಅವರು ಇಳಿದು ಹೋಗಬಹುದಿತ್ತು. ಆದರೆ ಹೋಗುವಾಗ ಒಂದು ಮಾತು ಸೇರಿಸಿದರು: "ಹಿಂದಿನ ಕಾಲದಾಗ ಇಂಥಾ ಕಾನೂನು ಎಲ್ಲಿದ್ವು ಬಿಡ್ರಿ."

"ಇತ್ತು!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ, ಅಜ್ಜನ ಹೆಸರು ಗೊತ್ತಿರುವ ಆ ಮರಿ ನನ್ನ ಮಂಚದ ಕೆಳಗೆ ನುಗ್ಗಿತು. ಅದನ್ನು ಹೊರಗೆಳೆಯಲು ನಮ್ಮಿಬ್ಬರಿಗೂ ಅರ್ಧ ಗಂಟೆ ಹಿಡಿಯಿತು. ಅವರ ಮುಂದೆ ಸಿಟ್ಟಿನ ಕಾರಣ ಹೇಳಲಾಗಲಿಲ್ಲ. ನಿಮ್ಮ ಮುಂದೆ ಹೇಳುತ್ತೇನೆ.

ನನ್ನನ್ನು ಕೊಟ್ಟ ಊರು ಉಮರ್ಗಾಕ್ಕೂ ನಿಲಂಗಾಕ್ಕೂ ನಡುವೆ ಇದೆ. ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ನನ್ನ ನೆಂಟರಿದ್ದಾರೆ, ಮದುವೆ ಮುಂಜಿಗೆ ಹೋಗಬೇಕು. ನಿಜಾಮ ಹೋಗಿ ಕೆಲವು ವರ್ಷವಾಗಿತ್ತು, ಹೈದರಾಬಾದ್ ರಾಜ್ಯವನ್ನು ಹರಿದು ಹಂಚಿ ನಮ್ಮ ಪಾಲನ್ನು ಮುಂಬಯಿ ರಾಜ್ಯಕ್ಕೆ ಹಾಕಿದ್ದರು. ಮುನಸಿಪಾಲ್ಟಿಯ ಹೊಸ ಬೋರ್ಡು ಮರಾಠಿಯಲ್ಲಿತ್ತು. ಜನ ಮಾತ್ರ ಹಳೆಯ ರೂಢಿಯಂತೆ ಅದನ್ನು ಬಲ್ದಿಯಾ ಎಂದೇ ಕರೆಯುತ್ತಿದ್ದರು. ನಾನು ಕಷ್ಟಪಟ್ಟು ಉರ್ದು ಕಲಿಯುವಷ್ಟರಲ್ಲಿ ನಿಜಾಮ ಹೋದ. ಆಮೇಲೆ ಮರಾಠಿ ಕಲಿತೆ. ಕನ್ನಡ ಮನೆಯ ಮಾತು. ಹೀಗೆ ಮೂರು ಭಾಷೆಗಳಲ್ಲಿ ತಪ್ಪಿಲ್ಲದೆ ಓದಬಲ್ಲ, ಮೂರರಲ್ಲೂ ತಪ್ಪಾಗಿ ಬರೆಯಬಲ್ಲ ಸೊಸೆಯೊಬ್ಬಳು ಆ ಮನೆಗೆ ಸಿಕ್ಕಿದಳು. ನನ್ನ ಮಾವನವರು ಬಲ್ದಿಯಾದ ಮೆಂಬರರು. ದೊಡ್ಡ ಒಕ್ಕಲುತನದ ಮನೆಯವರು, ಇಷ್ಟಲಿಂಗ ಪೂಜೆಯಾಗದೆ ನೀರು ಮುಟ್ಟದವರು, ಬರೆಯಲು ಮಾತ್ರ ಸೋಮಾರಿ. ಅವರ ಕಾಗದಪತ್ರಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಅವರು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದರು, ನಾನು ಬಾಗಿಲ ಹಿಂದೆ ಸೆರಗು ಹೊದ್ದು ಬರೆಯುತ್ತಿದ್ದೆ.

ಊರ ಪಡುವಣ ಅಂಚಿಗೆ, ಬೀರಪ್ಪನ ಗುಡಿಯ ಪಕ್ಕದಲ್ಲಿ ಮಾಳವ್ವನ ಕುರಿಹಟ್ಟಿ. ಆಕೆಯ ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಏಳೆಂಟು ತಿಂಗಳು ದೇಶಾಂತರ ಇರುತ್ತಿದ್ದ. ಮಾಳವ್ವ ಹಟ್ಟಿಯಲ್ಲಿ ಉಳಿದು ಈದ ಕುರಿ, ಕುಂಟ ಕುರಿ, ಮತ್ತು ನಾಯಿಗಳನ್ನು ನೋಡಿಕೊಳ್ಳುತ್ತಿದ್ದಳು. ಕುರಿ ಕಾಯುವ ನಾಯಿ ಬೇಕೆಂದರೆ ಸುತ್ತಲಿನ ಊರುಗಳ ಕುರುಬರೂ ಒಕ್ಕಲಿಗರೂ ಆಕೆಯ ಹಟ್ಟಿಗೇ ಬರಬೇಕು. ಕೆಂಚಿ ಎಂಬ ಎತ್ತರದ ಕೆಂದನೆಯ ಹೆಣ್ಣುನಾಯಿ ಆಕೆಯದು. ಅದರ ಮರಿಯನ್ನು ದುಡ್ಡಿಗೆ ಕೊಡುವ ಪದ್ಧತಿ ಇರಲಿಲ್ಲ. ಒಂದು ಮೊರ ಜೋಳ, ಒಂದು ಬೆಲ್ಲದ ಹೆಂಟೆ, ತಾಯಿನಾಯಿಗೆಂದು ಒಂದು ಗಿಂಡಿ ಹಾಲು, ಇಷ್ಟು ತಂದು ಮರಿ ಒಯ್ಯಬೇಕು. ಅದೂ ಸುಮ್ಮನೆ ಅಲ್ಲ. ಮನೆಯಲ್ಲಿ ಯಾರು ಯಾರಿದ್ದಾರೆ, ಮೊದಲಿನ ನಾಯಿ ಹೇಗೆ ಸತ್ತಿತು, ಮಜ್ಜಿಗೆ ಇರುತ್ತದೋ ಇಲ್ಲವೋ, ಕುಡಿಯುವವರು ಯಾರಾದರೂ ಇದ್ದಾರೋ ಎಂದು ಮಾಳವ್ವ ಒಂದೊಂದಾಗಿ ಕೇಳುತ್ತಿದ್ದಳು. ಹಗ್ಗದಲ್ಲಿ ಹೊಡೆಯುವವ ಎಂದು ಗೊತ್ತಾದರೆ ಊರಗೌಡನಿಗೂ ಇಲ್ಲ. ನಲವತ್ತು ದಿನ ತುಂಬದ ಮರಿಯನ್ನು ತಾಯಿಯಿಂದ ಬಿಡಿಸುತ್ತಿರಲಿಲ್ಲ. ಒಮ್ಮೆ ಕೊಟ್ಟ ಮರಿ ಸೊರಗಿದ್ದು ಕಂಡರೆ ಹೋಗಿ ಎತ್ತಿಕೊಂಡು ಬರುತ್ತಿದ್ದಳು. ನನ್ನನ್ನು ನೋಡಲು ಬಂದ ಬೀಗರನ್ನು ನಮ್ಮಪ್ಪ ಇದರ ಅರ್ಧದಷ್ಟು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆ ಬೇಸಿಗೆ ಬಸ್ಸು ನಿಲ್ಲುವ ಜಾಗದಲ್ಲಿ ಹುಚ್ಚುನಾಯಿಯೊಂದು ಇಬ್ಬರನ್ನು ಕಚ್ಚಿತು. ಒಬ್ಬ ಸತ್ತ. ನೇಯ್ಗೆಯ ಕೆಲಸದವನು, ಸಾಧು ಮನುಷ್ಯ, ಕೊನೆಗೆ ನೀರಿನ ಸದ್ದಿಗೇ ನಡುಗುತ್ತಿದ್ದನಂತೆ. ಊರು ಹೆದರಿತು, ಹೆದರಬೇಕಾದದ್ದೇ. ಹೊಸದಾಗಿ ಬಂದಿದ್ದ ಬಲ್ದಿಯಾದ ಸಾಹೇಬರು ಹೆದರಿಕೆ ಆರುವ ಮೊದಲೇ ಒಂದು ನಿಯಮ ಬರೆದರು. ಊರ ಹದ್ದಿನೊಳಗೆ ಪರವಾನಗಿ ಇಲ್ಲದೆ ಹೆಣ್ಣುನಾಯಿ ಇಟ್ಟುಕೊಂಡು ಮರಿ ಹಾಕಿಸಬಾರದು. ಮರಿಯನ್ನು ಮಾರಬಾರದು, ಬದಲಿಗೆ ವಸ್ತು ತೆಗೆದುಕೊಂಡು ಕೊಡಬಾರದು. ತಪ್ಪಿದರೆ ಮರಿ ಜಪ್ತಿ. ಮೆಂಬರರೆಲ್ಲ ಕೈ ಎತ್ತಿದರು. ನನ್ನ ಮಾವನವರೂ ಎತ್ತಿದರು. ನಿಯಮದ ಪ್ರತಿಯನ್ನು ಬಾಗಿಲ ಹಿಂದೆ ಕೂತು ಬರೆದವಳು ನಾನೇ. ಬರೆಯುವಾಗ ಅಕ್ಷರ ದುಂಡಗೆ ಬರುತ್ತಿದೆಯೇ ಎಂದು ನೋಡಿಕೊಂಡೆನೇ ಹೊರತು ಮಾಳವ್ವನ ನೆನಪಾಗಲಿಲ್ಲ.

ನಾಲ್ಕು ದಿನಕ್ಕೆ ಆಕೆ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಕಾಗದ.

"ತಂಗಿ, ಇದರಾಗ ಏನು ಬರದಾರ ಜರಾ ಓದು. ಶಿಪಾಯಿ ಹಟ್ಟಿ ಕಂಬಕ್ಕ ಅಂಟಿಸಿ ಹೋಗ್ಯಾನ. ಮರಾಠಿ ಕೇಳಿದ್ರ ತಿಳೀತದ, ಓದ್ಲಕ್ಕ ಬರಂಗಿಲ್ಲ."

ಓದಿ ಹೇಳಿದೆ. ಆಕೆ, "ಹುಚ್ಚನಾಯಿ ಯಾರದಿತ್ತು?" ಎಂದಳು.

"ಯಾರದೂ ಅಲ್ಲ. ಬೀದಿದು."

"ಮತ್ತ ಬೀದಿಗಿ ಕಾಗದ ಅಂಟಸ್ಬೇಕಿಲ್ಲೋ? ನನ್ನ ಕಂಬಕ್ಕ ಯಾಕ?"

ಪರವಾನಗಿ ತೆಗೆಸಿಬಿಡು, ನಾಲ್ಕು ದಿನದ ಕೆಲಸ ಎಂದೆ. ಓದಿದವರು ಕೊಡುವ ಸುಲಭದ ಸಲಹೆ ಅದು.

ಮರುದಿನ ಆಕೆ ಬಲ್ದಿಯಾಕ್ಕೆ ಹೋಗಿ ಬಂದು, ನಗುತ್ತಾಳೋ ಅಳುತ್ತಾಳೋ ತಿಳಿಯದ ಮುಖದಲ್ಲಿ ವರದಿ ಒಪ್ಪಿಸಿದಳು. "ಕಾರಕೂನ ಕೇಳ್ದ, ಜಾತಿ ಯಾವ್ದು ಅಂತ. ನಾ ಅಂದೆ, ನಾಯಿದೋ ನಂದೋ? ನಾಯಿದು ಅಂದ. ಕುರಿನಾಯಿ ಅಂದೆ. ಅಂಥಾ ಜಾತಿ ಯಾದಿದಾಗ ಇಲ್ಲ ಅಂದ. ಯಾದಿದಾಗ ಇದ್ದವೆಲ್ಲಾ ವಿಲಾಯಿತಿ ಹೆಸರ ಅವ, ತಂಗಿ. ದೇಶಿ ನಾಯಿಗಿ ಪರವಾನಗಿ ಇಲ್ಲಂತ. ದೇಶಿ ಅಂದ್ರ ಬೀದಿದೇ ಅಂತ."

ಸಾಹೇಬರ ಬಂಗಲೆಯಲ್ಲಿ ಡಾಲಿ ಎಂಬ ಬಿಳಿ ಕೂದಲಿನ ವಿಲಾಯಿತಿ ನಾಯಿ ಇತ್ತು. ಅದು ಗಬ್ಬವಾಗಿತ್ತು. ಅದರ ಪರವಾನಗಿ ಒಂದು ಪೂರ್ವಾಹ್ನದಲ್ಲಿ ತಯಾರಾಯಿತೆಂದು ಮಾವನವರೇ ಊಟದ ಹೊತ್ತಿಗೆ ಹೇಳಿದರು. ಹೊಸ ಕಾನೂನು ಸಾಹೇಬರ ಮನೆಯನ್ನೂ ಬಿಟ್ಟಿಲ್ಲ ನೋಡು ಎಂದು ಅಭಿಮಾನದಿಂದಲೇ ಹೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಆ ದಿನದ ರೊಟ್ಟಿಗಳು ತಟ್ಟೆಗೆ ಬೀಳುವಾಗ ಸ್ವಲ್ಪ ಸದ್ದು ಮಾಡಿದವು. ನನ್ನ ಸಿಟ್ಟು ಆಗ ಅಷ್ಟೇ ಎತ್ತರದ್ದು.

ಕೆಂಚಿ ನಾಲ್ಕು ಮರಿ ಹಾಕಿತ್ತು. ಅವಕ್ಕೆ ಇಪ್ಪತ್ತು ದಿನ ಆಗಿದ್ದಾಗ, ಸಂತೆಯ ದಿನ, ಯೆಣೆಗೂರಿನ ಕುರುಬನೊಬ್ಬ ಮಾಳವ್ವನ ಹಟ್ಟಿಗೆ ಬಂದ. ಅವನ ಕುರಿದಡ್ಡಿಗೆ ತೋಳ ಬಿದ್ದು ಕುರಿಗಳು ಹೋಗಿದ್ದವು. ಒಂದು ಗಂಡುಮರಿಗೆ ಹೇಳಿಟ್ಟು, ತಂದ ಜೋಳ ಇಳಿಸಿ, ಇನ್ನಿಪ್ಪತ್ತು ದಿನಕ್ಕೆ ಬರುತ್ತೇನೆಂದು ಹೊರಟ. ಅವನು ಜೋಳ ಇಳಿಸಿದ್ದನ್ನು ಬಲ್ದಿಯಾದ ದರೋಗಾ ಕಂಡ. ಮಧ್ಯಾಹ್ನಕ್ಕೆ ಇಬ್ಬರು ಶಿಪಾಯಿಗಳೊಂದಿಗೆ ಬಂದು, ಇದು ಮಾರಾಟ ಎಂದು ನಾಲ್ಕು ಮರಿಗಳನ್ನೂ ಗೋಣಿಚೀಲಕ್ಕೆ ಹಾಕಿಕೊಂಡು ಹೋದ. ದಿನ ತುಂಬಿಲ್ಲ ಎಂದು ಮಾಳವ್ವ ಅವನ ಹಿಂದೆ ಊರ ನಡುವಿನವರೆಗೂ ಓಡಿದಳು. ಅವಳ ಹಿಂದೆ ಕೆಂಚಿ.

ಜಪ್ತಿ ಮಾಡಿದ ಪ್ರಾಣಿಯನ್ನು ಎಲ್ಲಿಡಬೇಕು? ಬಿಡಾಡಿ ದನ ಕೂಡಿಹಾಕುವ ಕೊಂಡವಾಡದಲ್ಲಿ. ಅಲ್ಲಿ ಕಲ್ಲಿನ ಗೋಡೆ, ಮೇಲೆ ಸೂರಿಲ್ಲ. ದನಕ್ಕೆ ಕಣಿಕೆ, ಅಂದರೆ ಒಣಗಿದ ಜೋಳದ ದಂಟು, ಹಾಕಲು ಮಂಜೂರಿ ಇತ್ತು, ನಾಯಿಮರಿಗೆ ಏನು ಹಾಕಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ. ಕಾವಲಿನವ ನಿಯಮದವನು. ಮಂಜೂರಿ ಇದ್ದದ್ದನ್ನೇ ಹಾಕಿದ. ಹಲ್ಲು ಬಾರದ ಮರಿಗಳ ಮುಂದೆ ಒಂದು ಸಿವುಡು ಜೋಳದ ಕಣಿಕೆ!

ಮಾಳವ್ವ ಬಾಗಿಲಲ್ಲಿ ಕೂತು ಅವನನ್ನು ಬೇಡಿಕೊಂಡಳಂತೆ. "ಕೆಂಚಿನ್ನ ಒಳಗ ಬಿಡಪಾ. ಹಾಲು ಕುಡಿಸಿ ಹೊರಗ ಬರ್ತಾಳ."

"ಬರಂಗಿಲ್ಲವ್ವ. ಹುಕುಂ ಇಲ್ಲ."

"ಹಂಗಾದ್ರ ಆಕಿನ್ನೂ ಹಿಡಿ. ಜಪ್ತಿ ಮಾಡು. ನನ್ನನ್ನೂ ಬೇಕಾದ್ರ ಮಾಡು."

"ಮರಿ ಅಷ್ಟೇ ಹಿಡೀರಿ ಅಂತ ಅದ. ತಾಯಿನ್ನ ಹಿಡೀರಿ ಅಂತ ಇಲ್ಲ."

ಸಂಜೆ ಹಿತ್ತಲಿಗೆ ಬಂದು ಇದನ್ನೆಲ್ಲ ಹೇಳಿದಳು. ಆ ಕೂಡಲೇ ಮರಾಠಿಯಲ್ಲಿ ಅರ್ಜಿ ಬರೆದೆ. ಆಕೆಯ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿದೆ. ಮಾವನವರು ಪಡಸಾಲೆಗೆ ಬಂದು ಕೂತಾಗ ಬಾಗಿಲ ಹಿಂದೆ ನಿಂತೆ. ಅತ್ತೆ ನನ್ನ ಮುಖ ನೋಡಿ, ಏನೂ ಕೇಳದೆ ಪಕ್ಕಕ್ಕೆ ಸರಿದರು.

"ಮಾವಾರ, ಈ ಅರ್ಜಿ ಸಾಹೇಬರಿಗಿ ಮುಟ್ಟಿಸ್ಬೇಕ್ರಿ."

ಅವರು ಕನ್ನಡಕ ಹಾಕಿ ಓದಿದರು. "ಅಕ್ಷರ ನಿಂದೇ ಅದ."

"ಹೌದ್ರಿ. ನಿಯಮ ಬರದಿದ್ದೂ ನಾನೇ ಅಲ್ಲೇನ್ರಿ?"

ಅದಕ್ಕಿಂತ ಉದ್ದದ ಮಾತನ್ನು ನಾನು ಅವರ ಮುಂದೆ ಅಲ್ಲಿಯವರೆಗೆ ಆಡಿರಲಿಲ್ಲ. ಅವರು ಕನ್ನಡಕ ತೆಗೆದು ಕಾಗದವನ್ನು ಮಡಿಚಿದರು. "ಹುಚ್ಚನಾಯಿಗಿ ಅಂಜಿ ಕೈ ಎತ್ತಿದ್ದೆವವ್ವ," ಎಂದರು. "ಹಿಂಗ ಆಗ್ತದಂತ ಯಾರಿಗಿ ಗೊತ್ತಿತ್ತು?"

"ಕೇಳಿದ್ರ ಮಾಳವ್ವ ಹೇಳ್ತಿದ್ಳ್ರಿ," ಎಂದೆ.

ಬೆಳಗಾಗುತ್ತಲೇ ಅರ್ಜಿ ಹಿಡಿದು ಹೋದರು. ಸಾಹೇಬರು ಪ್ರವಾಸದಲ್ಲಿದ್ದರು. ಮರುದಿನ ಮತ್ತೆ ಹೋದರು. ಸಾಹೇಬರು ಬಂದಿದ್ದರು, ಅರ್ಜಿ ಇಸಿದುಕೊಂಡರು, ನೋಡುತ್ತೇನೆ ಎಂದರು. ಚೈತ್ರದ ಬಿಸಿಲಿಗೆ ನೋಡುವ ಪುರುಸೊತ್ತು ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕೊನೆಯ ಮರಿಯೂ ಸತ್ತಿತು. ಅದುವರೆಗೂ ಗೋಡೆಯ ಹೊರಗೆ ಮಣ್ಣು ಕೆರೆಯುತ್ತಿದ್ದ ಕೆಂಚಿ ಕೆರೆಯುವುದನ್ನು ನಿಲ್ಲಿಸಿ ಮಲಗಿತಂತೆ. ಕಾವಲಿನವ ಬಾಗಿಲು ತೆರೆದು ನೋಡುವ ಮೊದಲೇ ಮಾಳವ್ವನಿಗೆ ತಿಳಿದದ್ದು ಹಾಗೆ.

ಆ ಸಂಜೆ ಅರ್ಜಿಯ ಉತ್ತರ ಬಂತು. ಎರಡೇ ಸಾಲು. ಕೊಂಡವಾಡದ ರಜಿಸ್ಟರಿನ ಪ್ರಕಾರ ಅಲ್ಲಿದ್ದ ನಾಲ್ಕು ಬೇವಾರಸಿ ಮರಿಗಳು ಸತ್ತಿರುವುದರಿಂದ ಅರ್ಜಿಯಲ್ಲಿ ವಿಚಾರ ಮಾಡುವ ವಿಷಯ ಉಳಿದಿಲ್ಲ.

ಮಾಳವ್ವನಿಗೆ ಅದನ್ನು ಓದಿ ಹೇಳಬೇಕಾದವಳು ನಾನು. ಆ ಒಂದು ಶಬ್ದವನ್ನು ನುಂಗಿಬಿಡಬಹುದಿತ್ತು. ನುಂಗಲಿಲ್ಲ, ಸಿಟ್ಟಿನಲ್ಲಿದ್ದೆ, ಇನ್ನೊಬ್ಬರಿಗೂ ಸಿಟ್ಟು ಬರಲಿ ಎಂದಿತ್ತೋ ಏನೋ.

"ಬೇವಾರಸಿ?" ಎಂದಳು ಆಕೆ. "ಬಾಗಲದಾಗ ಮೂರು ದಿನ ಕುಂತಿದ್ದೆ ನಾ. ವಾರಸದಾರ ಇಲ್ಲ ಅಂತ ಹ್ಯಾಂಗ ಬರದ್ರು? ನಾ ಏನು ಸತ್ತೀನೇನು?"

ಎರಡು ದಿನ ಕಳೆದು ಅತ್ತೆ ತಾವಾಗಿಯೇ, "ನಡಿ, ಬೀರಪ್ಪಗ ಕಾಯಿ ಒಡಸ್ಕೊಂಡು ಬರಮಿ," ಎಂದರು. ನಮ್ಮ ಮನೆಯವರು ಬೀರಪ್ಪನಿಗೆ ಅದುವರೆಗೆ ಕಾಯಿ ಒಡೆಸಿದ್ದನ್ನು ನಾನು ಕಂಡಿರಲಿಲ್ಲ. ಹಟ್ಟಿಯಲ್ಲಿ ಮಾಳವ್ವ ಕೆಂಚಿಯ ಪಕ್ಕ ಕೂತು, ಕಲ್ಲಿನಂತೆ ಬಿಗಿದಿದ್ದ ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತಿ, ಹಾಲನ್ನು ಬೆರಳಲ್ಲಿ ಹಿಂಡಿ ಮಣ್ಣಿಗೆ ಬಿಡುತ್ತಿದ್ದಳು. ಕೆಂಚಿ ನರಳುತ್ತಿತ್ತು. ನಾವು ಕೂತು ಎರಡು ಮಾತಾಡುವಷ್ಟರಲ್ಲಿ ಬಾಗಿಲಿಗೆ ಸಾಹೇಬರ ಹೆಂಡತಿ ಬಂದರು. ಜೊತೆಗೆ ಆಳಿಲ್ಲ, ತಲೆಯ ಮೇಲೆ ಸೆರಗು ಓರೆಯಾಗಿದೆ, ಎದೆಗೆ ಅವಚಿದ ಟವೆಲ್ಲಿನಲ್ಲಿ ಮೂರು ಬಿಳಿ ಮರಿ. ಹಿಂದಿನ ದಿನ ಡಾಲಿ ಈದಿತ್ತು. ಜ್ವರ ಬಂದು ಮಲಗಿತ್ತು, ಹಾಲಿಲ್ಲ. ಅವರು ಮರಾಠಿಯಲ್ಲಿ ಏನೋ ಹೇಳತೊಡಗಿ, ಮಾಳವ್ವನ ಕೈ ಮಾಡುತ್ತಿದ್ದ ಕೆಲಸ ಕಂಡು ನಡುವೆಯೇ ನಿಲ್ಲಿಸಿಬಿಟ್ಟರು.

ನಾನು ಕನ್ನಡದಲ್ಲಿ ಹೇಳಿದೆ, "ಮಾಳಕ್ಕ, ಕೊಡಬ್ಯಾಡ. ಪರವಾನಗಿ ಇದ್ದ ಮರಿ ಅವು. ಬಲ್ದಿಯಾ ಹಾಲು ಕುಡಸ್ಲಿ."

ಅತ್ತೆ ನನ್ನ ತೋಳು ಚಿವುಟಿದರು. ಮಾಳವ್ವ ನನ್ನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

"ನಿನಗ ಸಿಟ್ಟು ಬಂದದ, ನನಗೂ ಬಂದದ," ಎಂದಳು. "ಇವಕ್ಕ ಏನು ಗೊತ್ತು, ತಂಗಿ? ಕಣ್ಣೇ ತೆರದಿಲ್ಲ."

ಟವೆಲ್ ಇಸಿದುಕೊಂಡಳು. ಕೆಂಚಿಯ ಹಾಲನ್ನೇ ಬೆರಳಿಗೆ ಹಚ್ಚಿ ಮರಿಗಳ ಮೈಗೆ ಸವರಿ, ಒಂದೊಂದನ್ನೇ ಹೊಟ್ಟೆಯ ಬಳಿ ಇಟ್ಟಳು. ಕೆಂಚಿ ಮೂಸಿತು. ಮೊದಲು ಗುರ್ರೆಂದಿತು. ಮಾಳವ್ವ ಅದರ ಹಣೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಹಾಲು ಎಳೆಯುವ ಸದ್ದು ಕೇಳಿತು. ಸಾಹೇಬರ ಹೆಂಡತಿ ಗೋಡೆಗೆ ಮುಖ ಮಾಡಿ ಅತ್ತರು. ನಾನು ಅಳಲಿಲ್ಲ. ಆ ಹಾಲು ಯಾರದಾಗಿತ್ತು ಎಂಬುದು ನನ್ನ ತಲೆಯಿಂದ ಹೋಗಲೊಲ್ಲದು.

ಡಾಲಿ ಉಳಿಯಲಿಲ್ಲ. ಮರಿಗಳು ಉಳಿದವು. ಸಾಹೇಬರ ಹೆಂಡತಿ ದಿನ ಬಿಟ್ಟು ದಿನ ಬಂದು ನೋಡಿಕೊಂಡು ಹೋಗುತ್ತಿದ್ದರು. ನಲವತ್ತು ದಿನ ತುಂಬಿದಾಗ ಕರೆದೊಯ್ಯಲು ಬಂದರು. ಹಸಿರು ಇಳಕಲ್ ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ ಇಟ್ಟು ಮಾಳವ್ವನಿಗೆ ಉಡಿ ತುಂಬಲು ಬಗ್ಗಿದರು. ನಾನು ಅಲ್ಲೇ ಇದ್ದೆ; ಅಷ್ಟರಲ್ಲಿ ಬೀರಪ್ಪನ ದರ್ಶನ ನನಗೆ ರೂಢಿಯಾಗಿತ್ತು.

ಮಾಳವ್ವ ಸೆರಗು ಒಡ್ಡಲಿಲ್ಲ. "ಬಾಯಿಸಾಹೇಬ್ರ, ಸೀರಿ ಬ್ಯಾಡ್ರಿ. ರಜಿಸ್ಟರದಾಗ ನನ್ನ ಮರಿಗೋಳಿಗಿ ಬೇವಾರಸಿ ಅಂತ ಬರದಾರ. ಅದೊಂದು ಅಳಸ್ಲಕ್ಕ ಹೇಳ್ರಿ. ಸತ್ತವು ತಿರುಗಿ ಬರಂಗಿಲ್ಲ, ನನಗ ಗೊತ್ತದ. ಖರೆ ವಾರಸದಾರಳು ನಾ ಇದ್ದೆ. ಅಷ್ಟು ಬರೀಲಿ."

ಆಕೆಯ ಮಾತನ್ನು ನಾನು ಮರಾಠಿಯಲ್ಲಿ ಹೇಳಿದೆ. ಸಾಹೇಬರ ಹೆಂಡತಿಯ ಮುಖ ಇಳಿಯಿತು. ಸೀರೆಯನ್ನೂ ಮರಿಗಳನ್ನೂ ಅಲ್ಲೇ ಬಿಟ್ಟು ಎದ್ದು ಹೋದರು. ಮರುದಿನ ಬಂದರು. ಗಂಡನನ್ನು ಕೇಳಿದ್ದರು, ಜಗಳವನ್ನೇ ಆಡಿದ್ದರೆಂದು ಕಾಣುತ್ತದೆ, ಕಣ್ಣು ಊದಿತ್ತು. "ಸರಕಾರಿ ಕಾಗದ, ಖಾಡಾಖೋಡ ಚಾಲತ್ ನಾಹಿ ಮ್ಹಣತಾತ್," ಎಂದರು. ಸರಕಾರಿ ಕಾಗದದಲ್ಲಿ ಹೊಡೆದು ತಿದ್ದುವಂತಿಲ್ಲ ಅನ್ನುತ್ತಾರೆ, ಎಂದು.

ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಜೀವ ಹೊಡೆದು ಹಾಕಬಹುದು, ನಾಲ್ಕು ಅಕ್ಷರ ಹೊಡೆದು ಹಾಕುವಂತಿಲ್ಲ! ಮಾಳವ್ವ ಮಾತ್ರ ತಲೆ ಆಡಿಸಿದಳು, ಇದೇ ಉತ್ತರವನ್ನು ಕಾಯುತ್ತಿದ್ದವಳ ಹಾಗೆ. ಸೀರೆಯನ್ನು ಮಡಿಕೆ ಕೆಡದಂತೆ ಎತ್ತಿ ಅವರ ಕೈಗೆ ಕೊಟ್ಟಳು. ಮರಿಗಳನ್ನು ತಡೆಯಲಿಲ್ಲ. ಒಂದೊಂದನ್ನೇ ಎತ್ತಿ, ಕಿವಿ ನೋಡಿ, ಹೊಟ್ಟೆ ಮುಟ್ಟಿ, ಬುಟ್ಟಿಗೆ ಇಟ್ಟಳು. ಯಾವುದಕ್ಕೆ ಹಟ ಹೆಚ್ಚು, ಯಾವುದಕ್ಕೆ ಮಜ್ಜಿಗೆ ಆಗದು ಎಲ್ಲ ಹೇಳಿದಳು.

ಆಷಾಢದ ಮೊದಲೇ ಆಕೆ ಹಟ್ಟಿ ಕಿತ್ತಳು. ಊರ ಹದ್ದಿನ ಕಲ್ಲು ದಾಟಿ ನೂರು ಮಾರು ಆಚೆಗೆ, ಬೀರಪ್ಪನಿಂದ ದೂರವಾಗಿ, ಹೊಸ ಬೇಲಿ ಹಾಕಿದಳು. ಬೀದಿ ನಾಯಿಗಳು ಊರೊಳಗೆ ಮೊದಲಿನಷ್ಟೇ ಇದ್ದವು, ಮರಿ ಹಾಕುತ್ತಲೂ ಇದ್ದವು. ಅವಕ್ಕೆ ಯಾರೂ ಕಾಗದ ಅಂಟಿಸಲಿಲ್ಲ. ಸಾಹೇಬರಿಗೆ ವರ್ಗವಾಯಿತು. ನಿಯಮ ಹಾಗೇ ಉಳಿಯಿತು. ಮುಂದಿನ ಸಲ ಮಾವನವರು ಚುನಾವಣೆಗೆ ನಿಲ್ಲಲಿಲ್ಲ, ಕಾರಣ ಕೇಳಿದವರಿಗೆ ಮೊಣಕಾಲು ನೋವು ಎಂದರು.

ಇಷ್ಟು ವರ್ಷದಲ್ಲಿ ಸಿಟ್ಟು ತಣ್ಣಗಾಗಬೇಕಿತ್ತು. ಆಗಿಲ್ಲ. ಯಾಕೆ ಆಗಿಲ್ಲ ಎಂದರೆ, ಆ ದಿನ ಬುಟ್ಟಿಯನ್ನು ಸಾಹೇಬರ ಹೆಂಡತಿಯ ಕೈಗೆ ಕೊಡುವಾಗ ಮಾಳವ್ವ ಇನ್ನೊಂದು ಮಾತು ಹೇಳಿದಳು.

"ಇವು ಯಾರವಂತ ಮುಂದ ಯಾರಾರ ಕೇಳ್ಯಾರು. ಹೆತ್ತಾಕಿ ನಿಮ್ಮ ಡಾಲಿ, ಹಾಲು ಕೊಟ್ಟಾಕಿ ನಮ್ಮ ಕೆಂಚಿ. ಮರ್ತು ಹೋಗ್ತದ. ಬರ್ಕೋರಿ."

ಆ ಹಟ್ಟಿಯಲ್ಲಿದ್ದ ಮೂವರಲ್ಲಿ ಬರೆಯಲು ಬರುವವರು ಇಬ್ಬರಿದ್ದೆವು. ಇಬ್ಬರೂ ಬರೆದುಕೊಳ್ಳಲಿಲ್ಲ.